ಆಯಾ ದಿನದ ಪಾಲು

ಓದತಕ್ಕ ಭಾಗ: ವಿಮೋಚನಕಾಂಡ 16ನೆಯ ಅಧ್ಯಾಯ



ಇಸ್ರಾಯೇಲ್ಯರು ಐಗುಪ್ತದಿಂದ ಹೊರಟು ಅರಣ್ಯದಲ್ಲಿ ಸಂಚರಿಸುತ್ತಿದ್ದಾಗ ದೇವರು ಅವರಿಗೆ ಮನ್ನವನ್ನು ಕೊಟ್ಟ ಸಂಗತಿಯನ್ನು ನಮ್ಮ ಸಭೆಯ ಚಿಕ್ಕ ಮಕ್ಕಳೂ ಬಲ್ಲರು. ಆದರೆ ಅದನ್ನು ಕೊಟ್ಟ ರೀತಿಯನ್ನು ನಾವು ಗಮನಿಸಿದ್ದೇವೋ? ವರುಷಕ್ಕೆ ಸಾಕಾಗುವಷ್ಟನ್ನು ಒಮ್ಮೆಗೇ ಕಣಜಕ್ಕೆ ತುಂಬಿಕೊಳ್ಳಿರೆಂದು ಆತನು ಅಪ್ಪಣೆಕೊಡಲಿಲ್ಲ. ಆಳಿಗೆ ಒಂದು ಓಮೆರ್ ಪ್ರಕಾರ ಆಯಾ ದಿನಕ್ಕೆ ಬೇಕಾದದ್ದನ್ನು ಆಯಾ ದಿನವೇ ಕೂಡಿಸಿಕೊಳ್ಳಬೇಕಾಗಿತ್ತು. ಬಿಸಿಲೇರಿದರೆ ಅದು ಕರಗಿಹೋಗುತ್ತಿತ್ತು; ಸಬ್ಬತ್ತಿನ ಹಿಂದಿನ ದಿನದ ಹೊರತು ನಾಳೆಗೆಂದು ಇಟ್ಟುಕೊಂಡರೆ ಹುಳಬಿದ್ದು ನಾರುತ್ತಿತ್ತು. ಹೀಗೆಯೇ ನಾಲ್ವತ್ತು ವರುಷ, ಕಾನಾನಿನ ಮೇರೆಯನ್ನು ಮುಟ್ಟುವ ತನಕ ನಡೆಯಿತು. ದೂರದ ದೇಶವನ್ನು ಸೇರಬೇಕಾದ ಜನಕ್ಕೆ ದೇವರು ಕಲಿಸಿದ ಪಾಠವು ದಿನದ ಪಾಲಿನ ಪಾಠವೇ ಆಗಿತ್ತು.

ನಮಗೂ ಮುಟ್ಟತಕ್ಕ ಗುರಿಗಳುಂಟು. ಒಬ್ಬನು ಸಾಲವನ್ನು ತೀರಿಸಿ ಅಡವಿಟ್ಟ ಹೊಲವನ್ನು ಬಿಡಿಸಿಕೊಳ್ಳಬೇಕೆಂದಿದ್ದಾನೆ. ಇನ್ನೊಬ್ಬನು ಕುಡಿತವನ್ನು ಬಿಡಬೇಕೆಂದಿದ್ದಾನೆ. ವಯಸ್ಸಾದ ತಾಯಿಯೊಬ್ಬಳು ಕಣ್ಣು ಮಂಜಾಗುವುದಕ್ಕೆ ಮುಂಚೆ ಅಕ್ಷರ ಕಲಿತು ಸತ್ಯವೇದವನ್ನು ತಾನೇ ಓದಬೇಕೆಂದಿದ್ದಾಳೆ. ಇವು ಒಳ್ಳೆಯ ಗುರಿಗಳು. ಆದರೆ ಹೊಸ ವರುಷದ ಆರಾಧನೆಯಲ್ಲಿ ಮಾಡಿದ ಪ್ರತಿಜ್ಞೆಯು ಮೂರನೆಯ ವಾರಕ್ಕೆ ಎಲ್ಲಿರುತ್ತದೆ? ಮೊದಲನೆಯ ದಿನ ಹತ್ತು ಅಧ್ಯಾಯ ಓದಿದವನು ಹತ್ತನೆಯ ದಿನ ಪುಸ್ತಕವನ್ನೇ ಮುಟ್ಟುವುದಿಲ್ಲ. ಇದನ್ನೇ ನಮ್ಮ ಹಿರಿಯರು ಆರಂಭಶೂರತ್ವವೆಂದರು. ಇಂಥವನಿಗೆ ಮನಸ್ಸಿರಲಿಲ್ಲವೆಂದು ಹೇಳಬೇಡಿರಿ. ಮನಸ್ಸಿತ್ತು, ಆದರೆ ವರುಷದ ಹೊರೆಯನ್ನು ಒಂದೇ ದಿನ ಹೊರಲು ನೋಡಿದನು. ಆದದರಿಂದ ದಿನದ ಪಾಲನ್ನು ಕೂಡಿಸುವ ಕ್ರಮದ ವಿಷಯವಾಗಿ ಮೂರು ಮಾತುಗಳನ್ನು ವಿಚಾರಿಸೋಣ.

ಮೊದಲನೆಯದಾಗಿ, ಪಾಲು ಚಿಕ್ಕದಾಗಿರಲಿ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ದಿನಕ್ಕೊಂದರಂತೆ ಓದುವವನು ಒಂಭತ್ತು ತಿಂಗಳೊಳಗೆ ಅದನ್ನು ಮುಗಿಸುವನು. ದಿನಕ್ಕೆ ಇಪ್ಪತ್ತು ರೂಪಾಯಿ ಬೇರೆ ಇಡುವವನ ಗಡಿಗೆಯಲ್ಲಿ ವರುಷದ ಕೊನೆಗೆ 7,300 ರೂಪಾಯಿ ಇರುವುದು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯನ್ನು ಎಲ್ಲರೂ ಆಡುತ್ತೇವೆ. ಹನಿಯನ್ನು ಹಿಡಿಯುವವರು ಕೊಂಚ. ನಮ್ಮ ನಾಡಿನವರೆಲ್ಲರೂ ಕೃತಜ್ಞತೆಯಿಂದ ನೆನಸುವ ಕಿಟ್ಟೆಲ್ ಪಂಡಿತರನ್ನು ನೋಡಿರಿ. ಅವರು ಬಾಸೆಲ್ ಮಿಶನಿನವರಾಗಿ 1853ರಲ್ಲಿ ಈ ದೇಶಕ್ಕೆ ಬಂದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ. ಅದರಲ್ಲಿ ಸುಮಾರು 70,000 ಪದಗಳುಂಟು. ದಿನಕ್ಕೆ ಹತ್ತು ಪದಗಳಂತೆ ಲೆಕ್ಕಹಾಕಿದರೂ 7,000 ದಿನಗಳು, ಅಂದರೆ ಹತ್ತೊಂಭತ್ತು ವರುಷಗಳಿಗೂ ಮಿಕ್ಕ ಕೆಲಸವಾಗುತ್ತದೆ. ಅಂಥ ಗ್ರಂಥವನ್ನು ಒಂದು ದಿನದ ಉತ್ಸಾಹವು ಹುಟ್ಟಿಸಲಾರದು. ಇವತ್ತು ಕೆಲವು ಪದ, ನಾಳೆ ಕೆಲವು ಪದ, ಹೀಗೆ ಕೂಡಿಸಿದವನ ಕೈಯಿಂದಲೇ ಅದು ಆಗತಕ್ಕದ್ದು.

ಎರಡನೆಯದಾಗಿ, ಪಾಲಿಗೆ ಗೊತ್ತಾದ ಹೊತ್ತೂ ಸ್ಥಳವೂ ಇರಲಿ. ದಾನಿಯೇಲನು ದಿನಕ್ಕೆ ಮೂರಾವರ್ತಿ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಯ ಬಳಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದನು. ಮೂವತ್ತು ದಿನ ಅರಸನ ಹೊರತು ಯಾರಿಗೂ ಬಿನ್ನಹಮಾಡಕೂಡದೆಂಬ ಶಾಸನವು ಹೊರಟಾಗ ಅವನು ಹೊಸದಾಗಿ ಧೈರ್ಯವನ್ನು ಹುಡುಕುತ್ತಾ ಹೋಗಲಿಲ್ಲ, ಮೊದಲಿನಂತೆಯೇ ಮಾಡಿದನು. ಶಾಸನಕ್ಕಿಂತ ಅಭ್ಯಾಸವು ಹಳೆಯದಾಗಿತ್ತು. ಸಿಂಹದ ಗವಿಯ ದಿನದಲ್ಲಿ ಅವನನ್ನು ನಿಲ್ಲಿಸಿದ ಭಕ್ತಿಯು ಯಾರೂ ನೋಡದ ಸಾವಿರ ಸಾಧಾರಣ ದಿನಗಳಲ್ಲಿ ಬೇರೂರಿತ್ತು. ಆದದರಿಂದ ಪ್ರಿಯರೇ, ಬಿಡುವಾದಾಗ ಓದುವೆನು ಅನ್ನಬೇಡಿರಿ. ಒಕ್ಕಲಿಗನಿಗೆ ಬಿಡುವು ತಾನಾಗಿ ಬರುವುದುಂಟೇ? ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಹೊಸ ಕೆಲಸವನ್ನು ಕಟ್ಟಿರಿ. ಹಸುವನ್ನು ಕರೆದು ಹಾಲಿನ ಚೊಂಬನ್ನು ಒಳಗಿಟ್ಟೊಡನೆ ಒಂದು ಅಧ್ಯಾಯ. ರಾತ್ರಿ ಊಟವಾಗಿ ಕೈತೊಳೆದೊಡನೆ ಅರ್ಧ ಪುಟ ಕಾಪಿಬರಹ. ಕೂಲಿಯ ಹಣ ಕೈಗೆ ಬಂದೊಡನೆ, ಪೇಟೆಯ ದಾರಿ ಹಿಡಿಯುವುದಕ್ಕೆ ಮುಂಚೆ, ಸಾಲದ ಪಾಲು.

ಮೂರನೆಯದಾಗಿ, ಒಂದು ದಿನ ತಪ್ಪಿದರೆ ಎಲ್ಲವನ್ನೂ ಬಿಟ್ಟುಬಿಡಬೇಡಿರಿ. ಸೈತಾನನು ಅನೇಕರನ್ನು ಕೆಡವುವುದು ಇಲ್ಲಿಯೇ. ಒಮ್ಮೆ ಜಾರಿದವನ ಕಿವಿಯಲ್ಲಿ, ನಿನ್ನಿಂದಾಗದು, ಇನ್ನೇಕೆ ಪ್ರಯಾಸ ಎಂದು ಊದುತ್ತಾನೆ. ಲಂಡನಿನ ಯೂನಿವರ್ಸಿಟಿ ಕಾಲೇಜಿನ ಪಂಡಿತರು 96 ಮಂದಿಯನ್ನು ಹನ್ನೆರಡು ವಾರ ಪರೀಕ್ಷಿಸಿ 2010ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಅವರ ಲೆಕ್ಕದ ಪ್ರಕಾರ ಹೊಸ ಅಭ್ಯಾಸವು ತಾನಾಗಿ ನಡೆಯುವಂತಾಗಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ, ನಡುವೆ ನಿಂತವರಿಗೆ ಸುಮಾರು 66 ದಿನ ಹಿಡಿಯುವುದು. ಒಂದು ದಿನ ತಪ್ಪಿದ್ದರಿಂದ ಹೇಳತಕ್ಕ ನಷ್ಟವೇನೂ ಆಗುವುದಿಲ್ಲ. ಆದದರಿಂದ ನೆರೆಯವನಿಗೆ ಬೇಗ ಕೈಗೂಡಿತೆಂದು ಎದೆಗುಂದಬೇಡಿರಿ. ಚಮ್ಮಾರಿಕೆಯನ್ನು ಮಾಡುತ್ತಾ ಭಾಷೆಗಳನ್ನು ಕಲಿತು 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿಯವರ ವೃತ್ತಾಂತವನ್ನು ನೆನಸಿರಿ. 1812ರ ಮಾರ್ಚ್ ತಿಂಗಳಲ್ಲಿ ಸೆರಾಂಪುರದ ಛಾಪಖಾನೆಗೆ ಬೆಂಕಿಬಿದ್ದು ಅವರು ವರುಷಗಟ್ಟಲೆ ದುಡಿದು ಬರೆದ ಹಸ್ತಪ್ರತಿಗಳು ಬೂದಿಯಾದವು. ಅವರಿಗೆ ಆಗ ಐವತ್ತು ವಯಸ್ಸು. ಅವರು ಮರಳಿ ಮೇಜಿನ ಮುಂದೆ ಕೂತರು. ಐದು ವರುಷದ ಮೇಲೆ, 1817ರಲ್ಲಿ, ಅವರು ಬರೆದ ಕನ್ನಡ ವ್ಯಾಕರಣವು ಅದೇ ಸೆರಾಂಪುರದಿಂದ ಹೊರಟಿತು.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನು ಕೊಡದೆ ಮುಗಿಸಲಾರೆವು. ದಿನದಿನವೂ ಬೆಳೆಯುವುದು ಒಳ್ಳೆಯ ಅಭ್ಯಾಸ ಮಾತ್ರವಲ್ಲ. ಒಂದು ಗುಟುಕಿನಿಂದ ಮೊದಲಾದದ್ದೇ ಹೊಲವನ್ನು ನುಂಗಿತು. ಒಂದು ಹುಸಿಮಾತಿನಿಂದ ಮೊದಲಾದದ್ದೇ ಮನೆಯನ್ನು ಒಡೆಯಿತು. ಅದನ್ನು ಬರಿದೇ ಕಿತ್ತರೆ ಸಾಲದು. ಆ ಹೊತ್ತಿಗೆ ಬೇರೊಂದನ್ನು ನೆಡಬೇಕು. ಮದ್ಯದಂಗಡಿಯ ಕಡೆಗೆ ಕಾಲು ತಿರುಗುವ ಸಾಯಂಕಾಲದಲ್ಲಿ ಸಭೆಯ ಸಹೋದರನೊಬ್ಬನು ಬಂದು ಜೊತೆಯಲ್ಲಿ ಕೂತುಕೊಳ್ಳಲಿ. ಎರಡನೆಯದು, ವಾರಕ್ಕೆರಡಾವರ್ತಿ ಉಪವಾಸಮಾಡಿದ ಫರಿಸಾಯನಿಗೂ ಅಭ್ಯಾಸವಿತ್ತು. ಆದರೆ ಅವನು ಅದನ್ನು ದೇವರ ಮುಂದೆ ಡಂಗುರ ಹೊಡೆದನು. ನಾವು ಕೂಡಿಸುವುದಕ್ಕೆ ಹೋಗುತ್ತೇವೆ, ಸರಿಯೇ. ಮನ್ನವನ್ನು ಸುರಿಸಿದವರು ನಾವಲ್ಲ. ಗಡಿಗೆಯು ತುಂಬಿದ್ದಕ್ಕೆ ಗಡಿಗೆಯೇ ಹೆಮ್ಮೆಪಡುವುದೇ?

ನಮ್ಮ ಕರ್ತನು ಸಬ್ಬತ್ ದಿನದಲ್ಲಿ ಸಭಾಮಂದಿರಕ್ಕೆ ಹೋಗುವುದನ್ನು ವಾಡಿಕೆಯಾಗಿ ಇಟ್ಟುಕೊಂಡಿದ್ದನೆಂದು ಲೂಕನು ಬರೆದಿದ್ದಾನೆ. ಆತನು ಶಿಷ್ಯರಿಗೆ ಪ್ರಾರ್ಥನೆಯನ್ನು ಕಲಿಸಿದಾಗಲೂ ಅನುದಿನದ ಆಹಾರವನ್ನೇ ಬೇಡಲು ಹೇಳಿದನು. ಹಾಗಾದರೆ ಈ ರಾತ್ರಿ ಕುಟುಂಬ ಪ್ರಾರ್ಥನೆಯಾದ ಮೇಲೆ ಮನೆಯವರೆಲ್ಲರೂ ಕೂತು ಒಬ್ಬೊಬ್ಬರು ಒಂದೊಂದು ಚಿಕ್ಕ ಪಾಲನ್ನು ಗೊತ್ತುಮಾಡಿಕೊಳ್ಳಿರಿ. ಎರಡನ್ನು ಬೇಡ, ಒಂದೇ ಸಾಕು. ಅದರ ಹೊತ್ತನ್ನೂ ಸ್ಥಳವನ್ನೂ ಹೇಳಿಕೊಳ್ಳಿರಿ. ಕಾನಾನು ಎಷ್ಟು ದೂರವೆಂದು ಅಳೆಯುತ್ತಾ ಕೂರಬೇಡಿರಿ. ಬೆಳಗಾದಾಗ ಪಾತ್ರೆಯನ್ನು ತೆಗೆದುಕೊಂಡು ಬಿಸಿಲೇರುವುದಕ್ಕೆ ಮುಂಚೆ ಹೊರಡಿರಿ, ಕೊಡುವಾತನು ನಂಬಿಗಸ್ತನು. ಆಮೆನ್.