ಬೆನ್ನಿನ ಹೊರೆ

ಮನುಷ್ಯನ ಬಾಳಿಗೆ ಅವಶ್ಯವಾದುದೆಷ್ಟು ಎಂಬ ಪ್ರಶ್ನೆಯು ಮನೆಯಲ್ಲಿ ಕುಳಿತವನಿಗೆ ಸುಲಭವಾಗಿ ಬಗೆಹರಿಯತಕ್ಕುದಲ್ಲ. ಏಕೆಂದರೆ ಗೃಹಸ್ಥನು ಕೂಡಿಹಾಕಿದ ವಸ್ತುಗಳ ಭಾರವನ್ನು ಅಟ್ಟವೂ ಪೆಟ್ಟಿಗೆಗಳೂ ಹೊರುತ್ತವೆಯೇ ಹೊರತು ಅವನ ಬೆನ್ನು ಹೊರುವುದಿಲ್ಲ. ತನ್ನ ಸಾಮಾನನ್ನೆಲ್ಲ ತಾನೇ ಹೊತ್ತು ಬೆಟ್ಟವನ್ನೇರಬೇಕಾಗಿ ಬಂದಾಗ ಲೆಕ್ಕವೇ ಬೇರೆಯಾಗುವುದು.

ಅಮೇರಿಕಾ ದೇಶದ ಪೂರ್ವಭಾಗದಲ್ಲಿ ಅಪಲೇಚಿಯನ್ ಎಂಬ ಪರ್ವತಶ್ರೇಣಿಯಿರುವುದು. ಅದರ ನೆತ್ತಿಯ ಮೇಲೆ ನಡೆದು ಹೋಗುವವರಿಗಾಗಿ ಒಂದು ಕಾಲುದಾರಿ ಆಗಬೇಕೆಂದು ಬೆಂಟನ್ ಮೆಕೈ ಎಂಬವರು 1921ರಲ್ಲಿ ಸೂಚಿಸಿದರು. 1937ರಲ್ಲಿ ಅದು ತುದಿಯಿಂದ ತುದಿಗೆ ಕೂಡಿತು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾಯ್ದು, ಸುಮಾರು 2,190 ಮೈಲಿಗಳ ದಾರಿ. ಪೂರ್ತಿಯಾಗಿ ನಡೆಯಲು ಐದಾರು ತಿಂಗಳು ಬೇಕು. ಅಷ್ಟು ಬಿಡುವಿಲ್ಲದವರು ವಸಂತಕಾಲದಲ್ಲಿ ಒಂದು ವಾರ ನಡೆಯುವರು. ಜಾರ್ಜಿಯಾದೊಳಗಿನ ಸುಮಾರು 78 ಮೈಲಿಗಳು ಇಂಥ ವಾರಕ್ಕೆ ಸರಿಹೊಂದುವುವು.

ಅಲ್ಲಿಯ ವಸಂತವನ್ನು ನಮ್ಮ ಚೈತ್ರದಂತೆ ಭಾವಿಸಲಾಗದು. ಮಾರ್ಚಿ ತಿಂಗಳ ಕೊನೆಯಲ್ಲಿಯೂ ಬೆಟ್ಟದ ಮೇಲಣ ಮರಗಳು ಬೋಳಾಗಿರುವುವು. ಚಿಗುರು ಮೊದಲು ಕಣಿವೆಯಲ್ಲಿ ಒಡೆದು ಮೆಲ್ಲಮೆಲ್ಲನೆ ಮೇಲಕ್ಕೆ ಹತ್ತುವುದು. ಹಗಲು ಬೆವರು, ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಒಮ್ಮೊಮ್ಮೆ ಹಿಮವೂ ಬೀಳುವುದುಂಟು. ಈ ಅನಿಶ್ಚಯದಿಂದಲೇ ಹೊಸಬರ ಬೆನ್ನುಚೀಲವು ಉಬ್ಬುವುದು. ಚಳಿಗೆಂದು ಬಟ್ಟೆಯ ಮೇಲೆ ಬಟ್ಟೆ, ಹಸಿವಿಗೆಂದು ಎರಡು ದಿನಗಳ ಹೆಚ್ಚಿನ ಬುತ್ತಿ, ಕರಡಿಗೆಂದು ದೊಡ್ಡ ಚೂರಿ, ಬೇಸರಕ್ಕೆಂದು ದಪ್ಪ ಪುಸ್ತಕ. ಪ್ರತಿಯೊಬ್ಬನೂ ತನ್ನ ಭಯವನ್ನೇ ಕಟ್ಟಿಕೊಂಡು ಬರುತ್ತಾನೆಂಬ ಮಾತು ಆ ದಾರಿಯವರಲ್ಲಿ ರೂಢಿಯಾಗಿದೆ. ಮಾತು ಲಘುವಾಗಿ ತೋರಿದರೂ ವಿಚಾರಾರ್ಹವಾದುದು. ಹಸಿವಿಗೆ ಮಿತಿಯುಂಟು; ಹಸಿವಾದೀತೆಂಬ ಭಯಕ್ಕೆ ಮಿತಿಯೆಲ್ಲಿ? ಕಣಜ ತುಂಬಿದ ಮೇಲೂ ನಿದ್ರೆ ಬಾರದವರನ್ನು ಯಾವ ಊರಿನಲ್ಲಿಯೂ ಕಾಣಬಹುದು.

ಮೂರನೆಯ ಅಥವಾ ನಾಲ್ಕನೆಯ ದಿನ, 4,458 ಅಡಿ ಎತ್ತರದ ಬ್ಲಡ್ ಬೆಟ್ಟವನ್ನು ಏರಿ ಇಳಿದಾಗ ನೀಲ್ ಗ್ಯಾಪ್ ಎಂಬ ಕಣಿವೆಬಾಯಿ ಸಿಕ್ಕುವುದು. ಹೊರಟಲ್ಲಿಂದ ಅದು ಸುಮಾರು 31 ಮೈಲಿ. ಅಲ್ಲಿ ದಾರಿಯು ಒಂದು ಹಳೆಯ ಕಲ್ಲುಕಟ್ಟಡದ ನಡುವಿನಿಂದಲೇ ಹಾಯುವುದು. ಕಟ್ಟಡದಲ್ಲಿರುವ ಅಂಗಡಿಯವರು ಕೇಳಿಕೊಂಡವರ ಚೀಲವನ್ನು ಬಿಚ್ಚಿಸಿ, ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬೇಡವಾದುದನ್ನು ಪೆಟ್ಟಿಗೆಗೆ ತುಂಬಿ ಅಂಚೆಯ ಮೂಲಕ ಮನೆಗೆ ಕಳಿಸಿಕೊಡುವ ಪದ್ಧತಿಯು ಬಹುಕಾಲದಿಂದ ಪ್ರಸಿದ್ಧವಾಗಿದೆ. ಮನೆಯಲ್ಲಿ ಬಿಡಲಾರದೆ ಕಟ್ಟಿಕೊಂಡುದನ್ನು ಇಲ್ಲಿ ಹಣ ತೆತ್ತು ಹಿಂದಕ್ಕೆ ಕಳಿಸುವರು. ಯಾರ ಉಪದೇಶವೂ ಮಾಡದ ಕೆಲಸವನ್ನು ಒಂದು ಏರು ಮಾಡಿತೆನ್ನಬೇಕು.

ಇದನ್ನು ವೈರಾಗ್ಯವೆನ್ನಬಹುದೇ? ಅವಸರಪಡಬಾರದು. ಇಂದು ಹಗುರವಾದ ಡೇರೆಯು ಭಾರವಾದ ಡೇರೆಗಿಂತ ಬೆಲೆಯುಳ್ಳದ್ದು. ಹಣವುಳ್ಳವನು ಹಗುರವನ್ನೂ ಕೊಂಡುಕೊಳ್ಳಬಲ್ಲನು. ಹೊಟ್ಟೆಯ ಪಾಡಿಗೆ ಮೂಟೆ ಹೊರುವವನು ಭಾರವನ್ನು ಕಳಿಸಿಬಿಡಲು ಅಂಚೆಯೂ ಇಲ್ಲ, ಮನೆಯೂ ಇಲ್ಲ. ಒಂದು ವಾರದ ಅಲ್ಪತೃಪ್ತಿಯನ್ನು ತ್ಯಾಗವೆಂದು ಕರೆದರೆ ತ್ಯಾಗವೆಂಬ ಶಬ್ದಕ್ಕೇ ಅಪಚಾರ.

ಎಮ್ಮಾ ಗೇಟ್‌ವುಡ್ ಎಂಬ ವೃದ್ಧೆಯ ಉದಾಹರಣೆ ಬೇರೆ ಬಗೆಯದು. ಹನ್ನೊಂದು ಮಕ್ಕಳ ತಾಯಿಯಾದ ಆಕೆ 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಆ ದಾರಿಯನ್ನು ಒಬ್ಬಳೇ ಪೂರ್ತಿಯಾಗಿ ನಡೆದಳು. ಡೇರೆಯಿಲ್ಲ, ತಾನೇ ಹೊಲಿದ ಒಂದು ಚೀಲ, ಕಂಬಳಿ, ಮಳೆಗೆ ಸ್ನಾನದ ಮನೆಯ ಪರದೆ, ಕಾಲಿಗೆ ಕ್ಯಾನ್‌ವಾಸ್ ಜೋಡು. ಆದರೆ ಆಕೆಯ ಚೀಲವು ಅಷ್ಟು ಸಣ್ಣದಾಗಿರಲು ಆಕೆಯ ಧೈರ್ಯವೊಂದೇ ಕಾರಣವಾಗಿರಲಿಲ್ಲ. ದಾರಿಯ ಮನೆಗಳವರು ಹಲವರು ಅನ್ನವಿಕ್ಕಿದರು, ಮಲಗಲು ಎಡೆಕೊಟ್ಟರು. ಬಾಗಿಲು ಮುಚ್ಚಿದವರೂ ಇದ್ದರು, ಆಗ ಎಲೆಗಳ ರಾಶಿಯೇ ಹಾಸಿಗೆ.

ಮುಖ್ಯವಾದ ಮಾತು ಇಲ್ಲಿರುವುದು. ಬೆನ್ನು ಹಗುರವಾದವನು ಸ್ವತಂತ್ರನಾದನೆಂದು ತಿಳಿಯುವನು. ವಸ್ತುತಃ ಅವನ ಹೊರೆಯಲ್ಲೊಂದು ಪಾಲನ್ನು ಪರರು ಹೊತ್ತಿರುವರು. ಮರಗಳ ಮೇಲೆ ಎರಡಂಗುಲ ಅಗಲ, ಆರಂಗುಲ ಉದ್ದದ ಬಿಳಿಯ ಗುರುತನ್ನು ಬಳಿದವರಿದ್ದಾರೆ. ಆ ಗುರುತು ಇಲ್ಲದಿದ್ದರೆ ಹಗುರವಾಗಿ ದಾರಿತಪ್ಪಬಹುದಾಗಿತ್ತು. ಉರುಳಿದ ಮರವನ್ನು ಕಡಿದವರು, ನೀರು ಕೊರೆಯದಂತೆ ಕಲ್ಲಿಟ್ಟವರು, ಮೂರು ಗೋಡೆಯ ತಂಗುಮನೆಗಳನ್ನು ಕಟ್ಟಿದವರು, ಇವರಲ್ಲಿ ಬಹುಮಂದಿ ಕೂಲಿಯನ್ನು ಬಯಸದೆ ಬಂದವರು. ಯಂತ್ರದ ಗರಗಸ ನಿಷಿದ್ಧವಾದ ಕಾಡುಗಳಲ್ಲಿ ಇಬ್ಬರು ಹಿಡಿದೆಳೆಯುವ ಕೈಗರಗಸದಿಂದಲೇ ಕೊಯ್ಯುವರು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತವು ಉತ್ತರ ಕೆರೊಲಿನಾ, ಟೆನೆಸಿ ಭಾಗಗಳಲ್ಲಿ ಅಸಂಖ್ಯ ಮರಗಳನ್ನು ದಾರಿಗೆ ಕೆಡವಿದಾಗಲೂ ಇಂಥವರೇ ಮುಂದಾದರು. ಇವರ ಹೆಸರು ನಡೆಯುವವನಿಗೆ ತಿಳಿಯದು. ಋಣವನ್ನು ತೀರಿಸಹೋದರೆ ಸಾಲಕೊಟ್ಟವನು ಎದುರಿಗಿಲ್ಲ. ಹಿಂದೆ ಬರುವ ಅಪರಿಚಿತನಿಗೇ ಸಲ್ಲಿಸಬೇಕು.

ಹೀಗೆ ಸಲ್ಲಿಸುವೆನೆಂದು ಕೆಲವರು, ಭಾರವಾಯಿತೆಂಬ ಕಾರಣದಿಂದ, ತಿನ್ನಲಾರದ ಆಹಾರವನ್ನೂ ನೆನೆದ ಬಟ್ಟೆಯನ್ನೂ ತಂಗುಮನೆಯಲ್ಲಿ ಬಿಟ್ಟು, ಬೇಕಾದವರಿಗಾಗಲಿ ಎಂದು ಹೊರಡುವರು. ಇಲಿಗಳು ಸೇರುವುವು, ಕರಡಿಗೂ ವಾಸನೆ ಹತ್ತುವುದು. ಕೊನೆಗೆ ಯಾರೋ ಪುಣ್ಯಾತ್ಮರು ಅದನ್ನು ಹೊತ್ತು ಕೆಳಗಿಳಿಸಬೇಕು. ತನಗೆ ಬೇಡವಾದುದನ್ನು ಇಳಿಸಿಹೋಗುವುದಕ್ಕೂ ದಾನಕ್ಕೂ ಬಹಳ ಅಂತರ. ಹಳಸಿದ್ದನ್ನು ಮಾತ್ರ ಭಿಕ್ಷುಕನ ಪಾತ್ರೆಗೆ ಸುರಿಯುವ ಮನೆಯಲ್ಲಿಯೂ ಅಷ್ಟೇ ಅಂತರ.

ವಾರ ಮುಗಿದು ಮನೆಗೆ ಮರಳುವಷ್ಟರಲ್ಲಿ, ಕಣಿವೆಬಾಯಿಯಿಂದ ಕಳಿಸಿದ ಪೆಟ್ಟಿಗೆಯು ಅವನಿಗಿಂತ ಮೊದಲೇ ಬಂದು ಬಾಗಿಲಲ್ಲಿ ಕುಳಿತಿರುವುದು. ಒಳಗಿನ ಒಂದೊಂದು ವಸ್ತುವಿನ ತೂಕವೂ ಈಗ ಅವನಿಗೆ ಗೊತ್ತು. ಅವನು ಅದನ್ನು ಬಿಚ್ಚಿ ಅಟ್ಟಕ್ಕೇರಿಸುವನೋ, ಇನ್ನೂ ಹೊಸದಾಗಿರುವ ಅಂಗಿಯನ್ನು ಚಳಿಯಲ್ಲಿರುವ ನೆರೆಯವನಿಗೆ ಕೊಡುವನೋ, ಅದು ಬೆಟ್ಟವು ನಿರ್ಣಯಿಸುವ ವಿಷಯವಲ್ಲ.