ಹತ್ತುವ ಗಾಡಿಗೆ ದಾರಿ

ಮಳೆಗಾಲ ಮುಗಿಯುತ್ತಾ ಬಂತೆಂದರೆ ಸಾಕು, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತೆ: ಈ ಸಲ ಯಾವ ಘಾಟಿ? ಉಡುಪಿ, ಧರ್ಮಸ್ಥಳ, ಸಮುದ್ರ ಎಲ್ಲ ನೆಪ. ಆಸೆ ಇರೋದು ದಾರಿಯ ಮೇಲೆ. ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್, ಬಿಸಿಲೆ, ಸಂಪಾಜೆ ಅಂತ ಒಂದೊಂದೇ ಹೆಸರು ಹೇಳುತ್ತಾ ಹೋದಂತೆ ಮಂಜು ಮುಸುಕಿದ ತಿರುವು, ರಸ್ತೆ ಬದಿಯ ಝರಿ, ಕೊಟ್ಟಿಗೆಹಾರದ ಬಿಸಿ ಬಿಸಿ ನೀರುದೋಸೆ ಎಲ್ಲ ಕಣ್ಣಮುಂದೆ ಬರುತ್ತವೆ. ನಮ್ಮ ಮನೆಯಲ್ಲಿ ಈ ಪ್ಲಾನ್ ಮಾಡುವ ಖಾತೆ ನನ್ನದು. ನಾವು ಆರು ಜನ: ನಾನು, ನಮ್ಮೆಜಮಾನ್ರು, ಅತ್ತೆ, ನನ್ನ ಅಪ್ಪ, 14 ವರ್ಷದ ಮಗಳು, 8 ವರ್ಷದ ಮಗ. ಗಾಡಿ ಮೂರು ಸಾಲಿನ ಏಳು ಸೀಟಿನದು. ನಾನೂ ಇವರೂ ಸರದಿಯ ಮೇಲೆ ಓಡಿಸ್ತೀವಿ.

ಮ್ಯಾಪು ನೋಡೋದು, ರೂಮು ಹುಡುಕೋದು, ಪೆಟ್ರೋಲು ಲೆಕ್ಕ ಹಾಕೋದು ಇವೆಲ್ಲ ಅರ್ಧ ಗಂಟೆಯ ಕೆಲಸ. ತಲೆಬಿಸಿ ಇರೋದು ಬೇರೆ ಕಡೆ. ಆರು ಜನರ ಎರಡು ದಿನ ಹೇಗೆ ಕಳೆಯಬೇಕು ಅನ್ನೋದನ್ನ ಒಬ್ಬರು ಕೂತು ತೀರ್ಮಾನ ಮಾಡುತ್ತಾರೆ. ಯಾರ ಖುಷಿ ಎಷ್ಟು, ಯಾರ ಕಷ್ಟ ಎಷ್ಟು, ಯಾವುದಕ್ಕೆ ಯಾವುದು ಸಮ ಅಂತ ಮನಸ್ಸಿನಲ್ಲೇ ತೂಗುತ್ತಾರೆ. ಯಾವ ತಕ್ಕಡಿಯಲ್ಲಿ ತೂಗಿದರೆ ಅದು ನ್ಯಾಯ? ಪ್ರವಾಸದಂಥ ಸಣ್ಣ ವಿಷಯಕ್ಕೆ ನ್ಯಾಯ ಅನ್ಯಾಯದ ಮಾತೇಕೆ ಅಂತ ನಿಮಗನ್ನಿಸಬಹುದು. ಆದರೆ ಒಂದೇ ಮನೆಯವರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ತಾರೆ ಅನ್ನೋದು ಇಂಥ ಸಣ್ಣ ವಿಷಯಗಳಲ್ಲೇ ತಿಳಿಯೋದು.

ಎಲ್ಲರಿಗೂ ಮೊದಲು ಕೈಗೆ ಸಿಗುವ ತಕ್ಕಡಿ ಬಹುಮತ. ವಾಟ್ಸಾಪಿನ ಮನೆ ಗ್ರೂಪಿನಲ್ಲಿ 'ಚಾರ್ಮಾಡಿ ಓಕೆನಾ?' ಅಂತ ಹಾಕಿದರೆ ಮೂರು ಹೆಬ್ಬೆರಳು ಪಟಪಟ ಬೀಳುತ್ತವೆ. ಅತ್ತೆ ಅಡುಗೆಮನೆಯಿಂದಲೇ "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಮ್ಮ" ಅಂತಾರೆ. ಅಪ್ಪ "ನನ್ನದೇನೂ ಇಲ್ಲ ಬಿಡು ಮಗಳೇ, ಕೂರಿಸಿದ ಕಡೆ ಕೂತ್ಕೋತೀನಿ" ಅಂತಾರೆ. ಯಾರೂ ಬೇಡ ಅಂದಿಲ್ಲ, ಎಲ್ಲರೂ ಒಪ್ಪಿದ ಹಾಗೇ ಆಯ್ತು. ಆದರೆ ನಮ್ಮ ಮನೆಗಳಲ್ಲಿ ಹಿರಿಯರ 'ನಿಮ್ಮಿಷ್ಟ' ಅನ್ನುವ ಮಾತಿಗೆ ಎಷ್ಟೊಂದು ಅರ್ಥ ಇರುತ್ತೆ ಅಂತ ನಿಮಗೂ ಗೊತ್ತು. ಮಕ್ಕಳ ಸಂತೋಷಕ್ಕೆ ಅಡ್ಡ ಬರಬಾರದು ಅನ್ನೋದೂ ಅದರಲ್ಲಿರುತ್ತೆ. ಹೇಳಿದರೆ 'ಹಾಗಾದ್ರೆ ನೀವು ಮನೇಲೇ ಇರಿ' ಅಂದುಬಿಡ್ತಾರೇನೋ ಅನ್ನೋ ಭಯವೂ ಇರುತ್ತೆ.

ಅತ್ತೆ ಪ್ರಯಾಣದ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಕಡಿಮೆ ಮಾಡ್ತಾರೆ. ಯಾಕೆ ಅಂತ ಬಾಯಿಬಿಟ್ಟು ಹೇಳಲ್ಲ, ಹೇಳುವ ಅಗತ್ಯವೂ ಇಲ್ಲ. ಘಾಟಿ ಶುರುವಾದ ಮೇಲೆ ಮುಗಿಯುವ ತನಕ ಹೆಂಗಸರು ಹೋಗುವಂಥ ಶೌಚಾಲಯ ಸಿಗುವುದು ಕಷ್ಟ. ಗಂಡಸರು ತಿರುವಿನಲ್ಲಿ ಗಾಡಿ ನಿಲ್ಲಿಸಿ ಇಳಿದುಬಿಡ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಮಗನಿಗೆ ತಿರುವು ಬಂತೆಂದರೆ ವಾಂತಿ. ಹಿಂದಿನ ಸೀಟಿನಲ್ಲಿ ಕೂತವರ ಒಳಗಿವಿಗೆ ಗಾಡಿ ತಿರುಗುವುದು ಗೊತ್ತಾಗುತ್ತೆ, ಕಣ್ಣಿಗೆ ಮಾತ್ರ ಮುಂದಿನ ಸೀಟಿನ ಬೆನ್ನು ಅಲ್ಲಾಡದೆ ನಿಂತ ಹಾಗೆ ಕಾಣುತ್ತೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತೆ. ಸ್ಟೇರಿಂಗ್ ಹಿಡಿದವರಿಗೆ ಈ ಕಾಟ ತೀರಾ ಕಡಿಮೆ, ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತಿರುತ್ತೆ. ತಿರುವು ತೀರ್ಮಾನಿಸುವವರಿಗೆ ತಿರುವಿನ ಸಂಕಟ ಇಲ್ಲ, ನಿಂಬೆಹಣ್ಣು ಮೂಸುತ್ತಾ ಹಿಂದೆ ಕೂತವನಿಗೆ ತೀರ್ಮಾನದಲ್ಲಿ ಪಾಲಿಲ್ಲ.

ಐದು ಜನರ ಖುಷಿಯನ್ನೂ ಒಬ್ಬನ ವಾಂತಿಯನ್ನೂ ಕೂಡಿ ಕಳೆದರೆ ಉತ್ತರ ಖುಷಿಯ ಕಡೆಗೇ ಬರುತ್ತೆ ನಿಜ. ಹೆಚ್ಚು ಜನರಿಗೆ ಹೆಚ್ಚು ಸುಖ ಅನ್ನುವ ಲೆಕ್ಕ ಇದು. ಈ ಲೆಕ್ಕದ ತೊಂದರೆ ಏನಂದರೆ, ಸುಖ ಪಡುವವರು ಬೇರೆ, ಕಷ್ಟ ಪಡುವವರು ಬೇರೆ ಅನ್ನೋದು ಕೂಡಿಸುವಾಗ ಮರೆತುಹೋಗುತ್ತೆ. ಮಗಳು ಕಿಟಕಿಯಲ್ಲಿ ಕಂಡ ಕಣಿವೆಯಿಂದ ಅತ್ತೆಯ ಒಣಗಿದ ಗಂಟಲು ಹಸಿಯಾಗಲ್ಲ.

ಬೇರೆ ತಕ್ಕಡಿಯೊಂದು ನನಗೆ ಸಿಕ್ಕಿದ್ದು ಘಾಟಿ ರಸ್ತೆಯ ನಿಯಮದಲ್ಲೇ. ಕಿರಿದಾದ ಬೆಟ್ಟದ ದಾರಿಯಲ್ಲಿ ಎರಡು ಗಾಡಿ ಎದುರಾದರೆ ಇಳಿಯುವ ಗಾಡಿ ಪಕ್ಕಕ್ಕೆ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು. ನಮ್ಮ ದೇಶದ ರಸ್ತೆ ನಿಯಮಗಳಲ್ಲಿ ಇದು ಬರೆದಿಟ್ಟ ಮಾತು. ಆಗುಂಬೆಯಲ್ಲಿ ಚಹಾ ಕುಡಿಯುತ್ತಾ ನಿಂತಿದ್ದ ಮಿನಿಬಸ್ ಡ್ರೈವರೊಬ್ಬರನ್ನು ಇದರ ಕಾರಣ ಕೇಳಿದ್ದೆ. "ಹತ್ತೋ ಗಾಡಿ ಒಂದ್ಸಲ ನಿಂತ್ರೆ ಮತ್ತೆ ಎಬ್ಬಿಸೋದು ಕಷ್ಟ ಅಕ್ಕಾ, ಲೋಡ್ ಇದ್ರೆ ಹಿಂದಕ್ಕೆ ಜಾರುತ್ತೆ. ಇಳಿಯೋನಿಗೇನು, ಬ್ರೇಕ್ ಒತ್ತಿ ಎರಡು ನಿಮಿಷ ನಿಂತ್ರಾಯ್ತು" ಅಂದ್ರು. ಹದಿನಾಲ್ಕು ಕಡಿದಾದ ತಿರುವುಗಳ ಆ ಘಾಟಿಯಲ್ಲಿ ದಿನಾ ಹತ್ತಿಳಿಯುವವರ ಮಾತು ಅದು.

ಆ ನಿಯಮ ಯಾರ ಗಾಡಿ ದೊಡ್ಡದು, ಯಾರು ಮೊದಲು ಬಂದರು, ಯಾರಿಗೆ ಅರ್ಜೆಂಟು ಅಂತ ಕೇಳಲ್ಲ. ಯಾವ ಗಾಡಿಯಲ್ಲಿ ಹೆಚ್ಚು ಜನ ಇದ್ದಾರೆ ಅಂತಲೂ ಕೇಳಲ್ಲ. ಯಾರಿಗೆ ನಿಲ್ಲೋದು ಹೆಚ್ಚು ಕಷ್ಟ ಅನ್ನೋದೊಂದನ್ನೇ ಕೇಳುತ್ತೆ. ಒಬ್ಬರಿಗೆ ಎರಡು ನಿಮಿಷ ಹೋಗುತ್ತೆ, ಇನ್ನೊಬ್ಬರಿಗೆ ಗಾಡಿಯೇ ಜಾರುತ್ತೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿ ಸರಿಸಮ ಅನ್ನಲಾಗದು.

ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೆಚ್ಚುಕಡಿಮೆ ಇಂಥದೇ ದಾರಿ ತೋರಿಸಿದ್ದ. ಸಮಾಜದಲ್ಲಿ ನೀವು ಯಾರಾಗಿ ಹುಟ್ಟುತ್ತೀರಿ, ಬಡವರೋ ಶ್ರೀಮಂತರೋ, ಗಟ್ಟಿಯೋ ರೋಗಿಷ್ಟರೋ ಏನೂ ಗೊತ್ತಿಲ್ಲ ಅಂದುಕೊಂಡು ಆ ಸಮಾಜದ ನಿಯಮಗಳನ್ನು ಆರಿಸಿ ಅನ್ನೋದು ಅವನ ಮಾತಿನ ತಿರುಳು. ಹಾಗೆ ಆರಿಸುವಾಗ ಎಲ್ಲರಿಗಿಂತ ಕೆಳಗಿರುವವರ ಗತಿ ಏನು ಅನ್ನೋದನ್ನ ನಾವು ತಾನಾಗಿಯೇ ಮೊದಲು ನೋಡ್ತೀವಿ, ಆ ಜಾಗ ನಮ್ಮದೇ ಆಗಬಹುದಲ್ಲ. ಅಷ್ಟು ದೊಡ್ಡ ಮಾತನ್ನು ನಾನು ಏಳು ಸೀಟಿನ ಗಾಡಿಗೆ ಇಳಿಸಿಕೊಂಡಿದ್ದೇನೆ. ಯಾವ ಸೀಟು ನನ್ನದು ಅಂತ ಗೊತ್ತಿಲ್ಲದೆ ಪ್ಲಾನ್ ಮಾಡಬೇಕು. ಮೂರನೇ ಸಾಲಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಕೂರೋದು ನಾನೇ ಆಗಬಹುದು. ನೀರು ಕುಡಿಯದೆ ಕೂರೋದೂ ನಾನೇ ಆಗಬಹುದು. ಹೀಗೆ ಅಂದುಕೊಂಡ ತಕ್ಷಣ ಬೆಳಗ್ಗೆ ನಾಲ್ಕಕ್ಕೆ ಹೊರಟು ಒಂದೇ ಉಸಿರಿಗೆ ಸಮುದ್ರ ಮುಟ್ಟುವ ಪ್ಲಾನಿನ ಮೆರುಗು ಅರ್ಧಕ್ಕರ್ಧ ಇಳಿದುಹೋಗುತ್ತೆ.

ಇದಕ್ಕೊಂದು ಆಕ್ಷೇಪ ಇದೆ, ನಮ್ಮ ಮನೆಯಲ್ಲೇ ಬಂದಿದೆ. "ಎಲ್ಲರಿಗಿಂತ ಕೈಲಾಗದವರನ್ನ ನೋಡ್ಕೊಂಡು ಪ್ಲಾನ್ ಮಾಡಿದ್ರೆ ಕೊನೆಗೆ ನಾವು ಮನೆ ಹತ್ರದ ಪಾರ್ಕಿಗೇ ಹೋಗ್ಬೇಕಾಗುತ್ತೆ ಅಮ್ಮ" ಅಂದಳು ಮಗಳು. ಅವಳ ಮಾತಿನಲ್ಲೂ ಹುರುಳಿದೆ. ಅವಳ ಉತ್ಸಾಹಕ್ಕೂ ಒಂದು ಹಕ್ಕಿದೆ, 14ರ ವಯಸ್ಸು ಮತ್ತೆ ಬರಲ್ಲ. ಆದರೆ ಘಾಟಿಯ ನಿಯಮವನ್ನು ಇನ್ನೊಂದು ಸಲ ನೋಡಿ. ಇಳಿಯುವ ಗಾಡಿ ಬರಲೇಬಾರದು ಅಂತ ಅದು ಹೇಳಲ್ಲ. ನಿಂತು, ದಾರಿ ಕೊಟ್ಟು, ಆಮೇಲೆ ಇಳಿ ಅನ್ನುತ್ತೆ. ಅತ್ತೆಗೋಸ್ಕರ ಚಾರ್ಮಾಡಿ ಬಿಡಬೇಕಿಲ್ಲ. ಘಾಟಿಗೆ ಮುಂಚೆ ಕೊಟ್ಟಿಗೆಹಾರದಲ್ಲಿ ಅರ್ಧ ಗಂಟೆ ಹೆಚ್ಚು ನಿಂತರಾಯ್ತು.

'ಅವರಿಗೆ ಆಗಲ್ಲ, ಪಾಪ, ಮನೇಲಿ ಆರಾಮಾಗಿರ್ಲಿ' ಅನ್ನುವ ಕಾಳಜಿಯ ಬಗ್ಗೆ ನನಗೆ ಇನ್ನೂ ಹೆಚ್ಚು ಅನುಮಾನ. ಹತ್ತುವ ಗಾಡಿಗೆ ಕಷ್ಟ ಅಂತ ಅದನ್ನು ರಸ್ತೆಗೇ ಬಿಡದಿದ್ದರೆ ಇಳಿಯುವವರಿಗೆ ದಾರಿಯೆಲ್ಲ ಖಾಲಿ, ನಿಯಮ ಮುರಿದ ಹಾಗೂ ಕಾಣಲ್ಲ. ಹಿರಿಯರ ಪರವಾಗಿ ನಾವೇ ತೀರ್ಮಾನ ಮಾಡಿ ಅದಕ್ಕೆ ಪ್ರೀತಿ ಅಂತ ಹೆಸರಿಡೋದು ನಮ್ಮಲ್ಲಿ ಬಹಳ ಸಲೀಸು. ಹಾಗಾಗಿ ಕೇಳಲೇಬೇಕು, ಆದರೆ ಕೇಳುವ ರೀತಿ ಬದಲಾಗಬೇಕು. 'ಓಕೆನಾ?' ಅಂದರೆ ಬರೋದು 'ಹೂಂ' ಮಾತ್ರ. "ಅತ್ತೆ, ಹಾಸನದಲ್ಲಿ ನಿಲ್ಲಿಸ್ಲಾ, ಬೇಲೂರಲ್ಲಾ?" ಅಂತ ಕೇಳಿದರೆ ನಿಜವಾದ ಉತ್ತರ ಬರುತ್ತೆ. ನಾನು ಹಾಗೆ ಕೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಕಡೆ ನಿಲ್ಸು. ಬೇಲೂರಿನ ದೇವಸ್ಥಾನ ಮದುವೆಯಾದ ಹೊಸತರಲ್ಲಿ ನೋಡಿದ್ದು" ಅಂದ್ರು. ಅವರಿಗೂ ಒಂದು ಆಸೆ ಇತ್ತು ಅನ್ನೋದು ಆವತ್ತೇ ನಮಗೆಲ್ಲ ಗೊತ್ತಾಗಿದ್ದು.

ಇದೆಲ್ಲ ಗಾಡಿಯ ಒಳಗಿನ ಮಾತಾಯ್ತು. ಗಾಡಿಯ ಹೊರಗೂ ಹತ್ತುವವರಿದ್ದಾರೆ. ನಾವು ಸಿನಿಮಾ ನೋಡಿದ ಹಾಗೆ ನೋಡುವ ಈ ದಾರಿ ಮಲೆನಾಡಿನವರಿಗೆ ಆಸ್ಪತ್ರೆಯ ದಾರಿ. ತೀರ್ಥಹಳ್ಳಿ, ಶೃಂಗೇರಿ ಕಡೆಯವರು ದೊಡ್ಡ ಕಾಯಿಲೆಯಾದರೆ ಆಗುಂಬೆ ಇಳಿದು ಮಣಿಪಾಲಕ್ಕೆ ಹೋಗ್ತಾರೆ, ಮೂಡಿಗೆರೆ ಕಡೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ. ಮಳೆಗಾಲದಲ್ಲಿ ಚಾರ್ಮಾಡಿಯ ಝರಿಗಳ ಮುಂದೆ, ಅದೂ ತಿರುವಿನಲ್ಲೇ, ಕಾರು ನಿಲ್ಲಿಸಿ ಫೋಟೊ ತೆಗೆಯುವವರ ಸಾಲು ಇರುತ್ತಲ್ಲ, ಅದರ ಹಿಂದೆ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಆಂಬುಲೆನ್ಸ್ ಇಳಿಯುತ್ತಿರುತ್ತೆ, ನಾವು ಹತ್ತುತ್ತಿರಬಹುದು. ಆದರೂ ನಿಯಮದ ಒಳಗಿನ ಕಾರಣ ನೋಡಿದರೆ ಏರು ಇರೋದು ಅವರಿಗೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಸಂಪಾಜೆ ದಾರಿ ಮುಚ್ಚಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿಯಿತು. ಅದೇ ತಿಂಗಳ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿಯೂ ಅಲ್ಲಿದ್ದ ಜನರೂ ಮಣ್ಣುಪಾಲಾದರು. ಅಂಥ ಅಂಗಡಿಗಳಲ್ಲೇ ಅಲ್ಲವೇ ನಾವೆಲ್ಲ ಗಾಡಿ ನಿಲ್ಲಿಸಿ ಕಾಲು ಚಾಚೋದು? ಗುಡ್ಡ ಜಾರಲು ಮಳೆಯೂ ಕಾರಣ, ಬುಡ ಕಡಿದು ರಸ್ತೆ ಅಗಲ ಮಾಡೋದೂ ಕಾರಣ. ದಾರಿ ಬಂದ್ ಆದರೆ ನನಗೆ ಬದಲಾಗೋದು ಪ್ಲಾನು. ಅಲ್ಲಿಯವರಿಗೆ ಬದಲಾಗೋದು ಶಾಲೆ, ಆಸ್ಪತ್ರೆ, ಕೆಲವರಿಗೆ ಮನೆ. 'ಈ ರಸ್ತೆ ಇನ್ನೂ ಅಗಲ ಇದ್ದಿದ್ರೆ ಒಂದು ಗಂಟೆ ಉಳೀತಿತ್ತು' ಅಂತ ಕಾರಿನಲ್ಲಿ ಕೂತು ಹೇಳುವಾಗ ಆ ಒಂದು ಗಂಟೆಯ ಬೆಲೆ ಯಾರ ಲೆಕ್ಕಕ್ಕೆ ಬೀಳುತ್ತೆ ಅಂತಲೂ ಕೇಳಿಕೊಳ್ಳಬೇಕು. ಅಗಲವಾದ ರಸ್ತೆ ಆಂಬುಲೆನ್ಸಿಗೂ ಬೇಕಲ್ಲ ಅಂತ ನೀವು ಕೇಳಿದರೆ, ಹೌದು, ಬೇಕು. ಬೇಕು ಬೇಡ ಹೇಳುವ ಮೊದಲ ಮಾತು ಅಲ್ಲಿಯವರದಾಗಲಿ, ವರ್ಷಕ್ಕೊಮ್ಮೆ ಹೋಗುವ ನನ್ನದು ಆಮೇಲೆ ಇರಲಿ.

ಘಾಟಿಯಲ್ಲಿ ಮಂಗಗಳಿಗೆ ಚಿಪ್ಸ್ ಎಸೆಯೋದು ಕೂಡ ಇದೇ ಜಾತಿಯ ವಿಷಯ. ಮಕ್ಕಳಿಗೆ ಎರಡು ನಿಮಿಷದ ನಗು. ಅಷ್ಟಕ್ಕೆ ಕಾಡು ಬಿಟ್ಟು ರಸ್ತೆ ಕಾಯೋದನ್ನ ಕಲಿತ ಮಂಗ ಮುಂದೊಂದು ದಿನ ಯಾವುದೋ ಚಕ್ರಕ್ಕೆ ಸಿಗುತ್ತೆ. ಆಗುಂಬೆ ಘಾಟಿ ಇರೋದು ಸೋಮೇಶ್ವರ ಅಭಯಾರಣ್ಯದಲ್ಲಿ. ಅಲ್ಲಿ ನಾವೇ ನೆಂಟರು.

ಇಷ್ಟೆಲ್ಲ ತಲೆಕೆಡಿಸಿಕೊಂಡ ಮೇಲೆ ಈ ವರ್ಷದ ಪ್ಲಾನು ಹೀಗಿದೆ. ಮಳೆ ಪೂರ್ತಿ ನಿಂತ ಮೇಲೆ, ನವೆಂಬರಿನಲ್ಲಿ ಹೊರಡೋದು. ಎರಡು ದಿನದ ಬದಲು ಮೂರು ದಿನ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಇಳಿದು ಉಜಿರೆ. ಬರುವಾಗ ಕಾರ್ಕಳ, ಹೆಬ್ರಿ, ಸೋಮೇಶ್ವರದಿಂದ ಆಗುಂಬೆ ಹತ್ತಿ ತೀರ್ಥಹಳ್ಳಿ. ಎರಡೂ ಘಾಟಿ ಹಗಲು ಹೊತ್ತಿನಲ್ಲೇ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ನಿಧಾನ. ಗಾಡಿ ನಿಲ್ಲಿಸೋದು ಜಾಗ ಇದ್ದ ಕಡೆ ಮಾತ್ರ, ತಿರುವಿನಲ್ಲಿ ಎಷ್ಟೇ ಚಂದದ ಝರಿ ಇದ್ದರೂ ಇಲ್ಲ. ಅಪ್ಪನ ಊಟದ ಹೊತ್ತು ಮೊದಲು ಬರೆದು, ಉಳಿದದ್ದನ್ನ ಅದರ ಸುತ್ತ ಹೊಂದಿಸಿದ್ದೇನೆ. ಪ್ರತಿ ನಿಲ್ದಾಣದಲ್ಲೂ ಸೀಟು ಬದಲು, ಮೂರನೇ ಸಾಲು ಎಲ್ಲರಿಗೂ ಒಂದೊಂದು ಸರದಿ. ಅಪ್ಪ, ಅತ್ತೆಗೆ ಮಾತ್ರ ವಿನಾಯಿತಿ.

ಒಂದು ತಕರಾರು ಇನ್ನೂ ಬಗೆಹರಿದಿಲ್ಲ. ಘಾಟಿಯಲ್ಲಿ ವಾಂತಿ ಬರದಿರಲು ಮಗ ಮುಂದಿನ ಸೀಟಿನ ಹಿಂದೆ ನಡುವೆ ಕೂತು ರಸ್ತೆ ನೋಡಬೇಕು. ಅಲ್ಲಿ ಕೂತರೆ ಪಕ್ಕದ ಕಣಿವೆ ಕಾಣಲ್ಲ ಅಂತ ಅವನ ಅಳು. ವಾಂತಿಯಾದರೂ ಪರವಾಗಿಲ್ಲ, ಕಿಟಕಿಯೇ ಬೇಕಂತೆ. ಯಾರಿಗೆ ಏರು, ಎಷ್ಟು ಏರು ಅಂತ ಹೇಳಬೇಕಾದವನು ಅವನೇ ತಾನೇ? ಹಾಗಾಗಿ ಕಿಟಕಿ ಅವನಿಗೆ ಕೊಟ್ಟಿದ್ದೇವೆ. ಪ್ಲಾಸ್ಟಿಕ್ ಕವರು, ನಿಂಬೆಹಣ್ಣು, ಒಂದು ಜೊತೆ ಬಟ್ಟೆ ಅವನ ಸೀಟಿನ ಮುಂದೆಯೇ ಇಡೋದು ಅಂತ ತೀರ್ಮಾನವಾಗಿದೆ.