ಸುತ್ತುವ ಸೇವಕರು

(ಪಾಠ: ಆದಿಕಾಂಡ ೧ನೆಯ ಅಧ್ಯಾಯ, ೧೪ರಿಂದ ೧೮ನೆಯ ವಚನಗಳು)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ನಮ್ಮ ಹಳ್ಳಿಗಳಲ್ಲಿ ಸಂಜೆಯ ಪ್ರಾರ್ಥನೆ ತೀರಿದ ಮೇಲೆ ಅಂಗಳದಲ್ಲಿ ಕೂತವರು, ನಿಂತ ನಕ್ಷತ್ರಗಳ ನಡುವೆ ಮಿನುಗದೆ, ಸದ್ದಿಲ್ಲದೆ ಸಾಗುವ ಒಂದು ಚುಕ್ಕೆಯನ್ನು ಕಾಣುವದುಂಟು. ಕೆಲವು ಸಾರಿ ಅದು ನಡು ಆಕಾಶದಲ್ಲಿಯೇ ಮಾಯವಾಗುವದು. ಇದು ಅಪಶಕುನವೋ ಎಂದು ಕೇಳುವವರಿದ್ದಾರೆ. ಅದು ಶಕುನವಲ್ಲ, ಮನುಷ್ಯರು ಮಾಡಿದ ಉಪಗ್ರಹವು.

ಗ್ರಹವನ್ನು ಸುತ್ತುವದಕ್ಕೆ ಉಪಗ್ರಹವೆಂದು ಹೆಸರು. ಮಂಗಳಕ್ಕೆ ಎರಡು ಚಂದ್ರಗಳುಂಟು. ಬುಧ ಶುಕ್ರಗಳಿಗೆ ಒಂದೂ ಇಲ್ಲ. ನಮ್ಮ ಭೂಮಿಗೆ ಸೃಷ್ಟಿಕರ್ತನು ಕೊಟ್ಟ ಚಂದ್ರನು ಸುಮಾರು ೩,೮೪,೦೦೦ ಕಿಲೋಮೀಟರು ದೂರದಲ್ಲಿದ್ದು, ೨೭ ದಿವಸಗಳಿಗೆ ತುಸು ಹೆಚ್ಚು ಕಾಲದಲ್ಲಿ ನಮ್ಮನ್ನು ಸುತ್ತಿಬರುತ್ತಾನೆ. ಮನುಷ್ಯರು ಮಾಡಿದ ಮೊದಲನೆಯ ಉಪಗ್ರಹವನ್ನು ೧೯೫೭ನೆಯ ಇಸವಿ ಅಕ್ಟೋಬರ್ ೪ರಂದು ರಷ್ಯದವರು ಹಾರಿಸಿದರು. ನಮ್ಮ ದೇಶದ ಮೊದಲನೆಯದಾದ ಆರ್ಯಭಟವು ಉಡುಪಿ ಸೀಮೆಯ ಯು. ಆರ್. ರಾವ್ ಎಂಬವರ ಮುಂದಾಳುತನದಲ್ಲಿ ಪೀಣ್ಯದ ಶೆಡ್ಡುಗಳೊಳಗೆ ಸಿದ್ಧವಾಯಿತು. ನಮ್ಮವರು ತುಮಕೂರು ರಸ್ತೆಯಿಂದ ಬೆಂಗಳೂರಿಗೆ ಹೋಗುವಾಗ ಹಾಯುವ ಪೀಣ್ಯವೇ ಅದು. ೩೬೦ ಕಿಲೋ ತೂಕದ ಆ ಉಪಗ್ರಹವು ೧೯೭೫ನೆಯ ಇಸವಿ ಏಪ್ರಿಲ್ ೧೯ರಂದು ರಷ್ಯದ ನೆಲದಿಂದ ಮೇಲೇರಿತು. ಇವುಗಳಿಂದ ನಾವು ಮೂರು ಪಾಠಗಳನ್ನು ಕಲಿಯೋಣ.

ಮೊದಲನೆಯದು, ಹಿಡಿದಿರುವ ಕೈ. ಜೋಳದ ಹೊಲ ಕಾಯುವ ಹುಡುಗನು ಕವಣೆ ಬೀಸುವಾಗ, ಹಗ್ಗವು ಹಿಡಿದಿರುವ ತನಕ ಕಲ್ಲು ಸುತ್ತುವದು, ಬಿಟ್ಟೊಡನೆ ಹಾರಿಹೋಗುವದು. ಚಂದ್ರನಿಗೂ ಉಪಗ್ರಹಕ್ಕೂ ಭೂಮಿಯ ಸೆಳೆತವೇ ಹಗ್ಗ. ಓಟ ಮಾತ್ರವಿದ್ದು ಸೆಳೆತವಿಲ್ಲದಿದ್ದರೆ ಅವು ದೂರ ಹೋಗಿಬಿಡುವವು. ಸೆಳೆತ ಮಾತ್ರವಿದ್ದು ಓಟವಿಲ್ಲದಿದ್ದರೆ ನೆಲಕ್ಕೆ ಬೀಳುವವು. ಹಾಗೆಯೇ ವಿಧೇಯತೆಯಿಲ್ಲದ ಉತ್ಸಾಹವು ಸಭೆಯನ್ನು ಚದರಿಸುವದು. ಉತ್ಸಾಹವಿಲ್ಲದ ವಿಧೇಯತೆಯು ಅದನ್ನು ಜಡವಾಗಿಸುವದು. ನಮಗೆ ಎರಡೂ ಬೇಕು.

ಎರಡನೆಯದು, ಪಡೆದ ಬೆಳಕು. ಚಂದ್ರನಿಗೂ ಆ ಚುಕ್ಕೆಗೂ ಸ್ವಂತ ಬೆಳಕಿಲ್ಲ. ನಮಗೆ ಸೂರ್ಯನು ಮುಳುಗಿದ ಮೇಲೆಯೂ ಅಷ್ಟು ಎತ್ತರದಲ್ಲಿ ಬಿಸಿಲಿರುವದರಿಂದ ಉಪಗ್ರಹವು ಹೊಳೆಯುವದು. ಭೂಮಿಯ ನೆರಳನ್ನು ಹೊಕ್ಕೊಡನೆ ಕಾಣದೆಹೋಗುವದು. ಚಂದ್ರಗ್ರಹಣವೂ ಇದೇ ನೆರಳು. ೨೦೨೫ನೆಯ ಇಸವಿ ಸೆಪ್ಟೆಂಬರ್ ೭ರ ರಾತ್ರಿ ಪೂರ್ಣಗ್ರಹಣವಾದಾಗ ಚಂದ್ರನ ಮೇಲೆ ಬಿದ್ದದ್ದು ನಾವು ನಿಂತಿರುವ ಈ ನೆಲದ ನೆರಳೇ. ಹೀಗಿರಲಾಗಿ, ಆ ಹೊತ್ತಿನಲ್ಲಿ ಬಸುರಿಯನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಸಿ, ನೀರನ್ನೂ ಕೊಡದೆ ಉಪವಾಸವಿರಿಸುವದು ಯಾವ ನ್ಯಾಯ? ಹೊಟ್ಟೆಯಲ್ಲಿರುವ ಕೂಸಿಗೆ ಗ್ರಹಣದಿಂದ ಕೇಡಿಲ್ಲ. ತಾಯಿಯ ಹಸಿವಿನಿಂದ ಕೇಡುಂಟು. ಮೋಶೆಯು ಚಂದ್ರನನ್ನು ಕೇವಲ ದೀಪವೆಂದು ಬರೆದನು. ದೀಪಕ್ಕೆ ಯಾರು ಹೆದರುವರು? ಆದಕಾರಣ ನಮ್ಮ ಮನೆಗಳಲ್ಲಿ ಯಾವ ತಾಯಿಯೂ ಹೀಗೆ ಹಸಿದಿರಬಾರದು.

ಮೂರನೆಯದು, ತೆಳುವಾದ ತಡೆ. ಆರ್ಯಭಟದ ವಿದ್ಯುತ್ತಿನ ಏರ್ಪಾಡು ಕೆಲವೇ ದಿವಸಗಳಲ್ಲಿ ಕೆಟ್ಟು ಅದರ ಪ್ರಯೋಗಗಳು ನಿಂತುಹೋದವು. ಆದರೂ ಅದು ಸುತ್ತುತ್ತಲೇ ಇತ್ತು. ಅದನ್ನು ಕೆಡವಿದ್ದು ಸಿಡಿಲಲ್ಲ, ಪೆಟ್ಟಲ್ಲ. ಸುಮಾರು ೬೦೦ ಕಿಲೋಮೀಟರು ಎತ್ತರದಲ್ಲಿಯೂ ಉಳಿದಿರುವ ಅತಿ ತೆಳುವಾದ ಗಾಳಿಯು ದಿನದಿನಕ್ಕೆ ಅದನ್ನು ತಡೆದು ತಡೆದು ಕೆಳಗಿಳಿಸಿತು. ೧೯೯೨ನೆಯ ಇಸವಿ ಫೆಬ್ರವರಿಯಲ್ಲಿ ಅದು ದಟ್ಟವಾದ ಗಾಳಿಯನ್ನು ಹೊಕ್ಕು ನಾಶವಾಯಿತು. ಪ್ರಿಯರೇ, ವಿಶ್ವಾಸಿಗಳು ಬೀಳುವದೂ ಹೆಚ್ಚಾಗಿ ಹೀಗೆಯೇ. ಇಂದು ಬಿಟ್ಟ ಪ್ರಾರ್ಥನೆ, ನಾಳೆ ಆಡಿದ ಚಿಕ್ಕ ಸುಳ್ಳು, ನೆರೆಯವನ ಮೇಲೆ ಉಳಿಸಿಕೊಂಡ ಮುನಿಸು: ಒಂದೊಂದೂ ಗಾಳಿಯಷ್ಟು ಹಗುರ, ಆದರೆ ಕೂಡಿದರೆ ಕೆಳಗೆಳೆಯುವವು.

ಕಡೆಯದಾಗಿ ಒಂದು ಮಾತು. ೨೦೨೪ನೆಯ ಇಸವಿ ಫೆಬ್ರವರಿ ೧೭ರಂದು ಶ್ರೀಹರಿಕೋಟದಿಂದ ಹಾರಿದ ಇನ್ಸಾಟ್-೩ಡಿಎಸ್ ಎಂಬ ಉಪಗ್ರಹವು, ಸುಮಾರು ೩೬,೦೦೦ ಕಿಲೋಮೀಟರು ಎತ್ತರದಿಂದ ಮೋಡಗಳ ಚಿತ್ರವನ್ನು ಕಳುಹಿಸುವದು. ಪಾವಗಡದ ರೈತನು ಕಡಲೆಕಾಯಿ ಬಿತ್ತುವ ಮೊದಲು ಹವಾಮಾನದ ವರ್ತಮಾನವನ್ನು ವಿಚಾರಿಸಲಿ. ಅದು ಅವಿಶ್ವಾಸವಲ್ಲ, ದೇವರು ಕೊಟ್ಟ ಬುದ್ಧಿಯ ಬಳಕೆಯೇ. ಆದರೆ ಉಪಗ್ರಹವು ಮೋಡವನ್ನು ಕಾಣಬಲ್ಲದೇ ಹೊರತು ಮಳೆಯನ್ನು ಕೊಡಲಾರದು. ಸೇವಕನಿಂದ ಸೇವೆಯನ್ನು ಪಡೆದು, ಕೈಮುಗಿಯುವದನ್ನು ಯಜಮಾನನಿಗೇ ಸಲ್ಲಿಸೋಣ. ಆ ಚುಕ್ಕೆಯನ್ನು ಇನ್ನೊಮ್ಮೆ ಕಂಡಾಗ ಮಕ್ಕಳನ್ನು ಒಳಗೆ ಕರೆಯಬೇಡಿರಿ. ಹೊರಗೆ ಕರೆದು ತೋರಿಸಿರಿ. ಕರ್ತನು ನಮ್ಮನ್ನು ನಮ್ಮ ದಾರಿಯಲ್ಲಿ ಹಿಡಿದು ನಡಿಸಲಿ. ಆಮೆನ್.